ಬೆಳ್ಳಿಯ ಮೇಲೆ ಚಿನ್ನದ ತಗಡು: ಕೆಲಸದ ಕ್ರಮ, ಲೆಕ್ಕದ ಕ್ರಮ

ಚಿನ್ನದ ಬೆಲೆ ಏರಿದಂತೆಲ್ಲ ಬೆಳ್ಳಿಯ ಮೇಲೆ ಚಿನ್ನ ಹೊದಿಸಿದ ಒಡವೆಗಳಿಗೆ ಬೇಡಿಕೆ ಹೆಚ್ಚುವುದು ಆಭರಣ ವ್ಯಾಪಾರದಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಈ ಬೇಡಿಕೆಯ ಜೊತೆಯಲ್ಲಿಯೇ ಒಂದು ಗೊಂದಲವೂ ಬೆಳೆದುಬಂದಿದೆ. ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟ ಎರಡು ಪದಕಗಳು ಬಣ್ಣದಲ್ಲಿ, ಹೊಳಪಿನಲ್ಲಿ, ತೂಕದಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಒಂದರಲ್ಲಿರುವ ಚಿನ್ನವು ಇನ್ನೊಂದರಲ್ಲಿರುವುದಕ್ಕಿಂತ ನಲವತ್ತು ಪಟ್ಟು ಹೆಚ್ಚಿರಬಹುದು. ಬಿಲ್ಲಿನಲ್ಲಿ ಮಾತ್ರ ಎರಡಕ್ಕೂ ‘ಗೋಲ್ಡ್ ಪಾಲಿಶ್’ ಎಂಬ ಒಂದೇ ಹೆಸರು. ‘ಒನ್ ಗ್ರಾಂ ಗೋಲ್ಡ್’ ಎಂಬ ಇನ್ನೊಂದು ಹೆಸರಂತೂ ಮನೆಮಾತಾಗಿದೆ. ಆ ಹೆಸರಿನ ಒಡವೆಯಲ್ಲಿ ಒಂದು ಗ್ರಾಂ ಚಿನ್ನವಿದೆಯೆಂದು ತಿಳಿಯುವಂತಿಲ್ಲ ಎಂಬುದು ಮಾರುವವರಿಗೆಲ್ಲ ಗೊತ್ತು, ಕೊಳ್ಳುವವರಲ್ಲಿ ಎಲ್ಲರಿಗೂ ಗೊತ್ತಿಲ್ಲ.

ಈ ಒಡವೆಗಳಲ್ಲಿ ಚಿನ್ನದ ತಗಡನ್ನು ಶಾಖದಿಂದ ಬೆಳ್ಳಿಗೆ ಬೆಸೆದು ಒಪ್ಪ ಹಾಕಿದ ಒಡವೆಯ ಸ್ಥಾನವೇ ಬೇರೆ. ಅದನ್ನು ಮಾಡುವ ಬಗೆ, ಅದರಲ್ಲಿ ಸೇರುವ ಚಿನ್ನದ ಪ್ರಮಾಣ, ಪುಸ್ತಕದಲ್ಲಿಯೂ ಬಿಲ್ಲಿನಲ್ಲಿಯೂ ಅದನ್ನು ತೋರಿಸುವ ಕ್ರಮ ಇವುಗಳನ್ನು ತಿಳಿದಿರುವುದು ವರ್ತಕರಿಗೆ ಅಗತ್ಯವಾಗಿದೆ.

ಮೈಕ್ರಾನಿನ ಮಾತು

ಬೆಳ್ಳಿಯ ಮೇಲೆ ಚಿನ್ನವನ್ನು ನಿಲ್ಲಿಸುವ ದಾರಿಗಳು ಹಲವು. ಹಿಂದೆ ಚಿನ್ನವನ್ನು ಪಾದರಸದೊಡನೆ ಬೆರೆಸಿ ಲೇಪಿಸಿ, ಕಾಯಿಸಿ ಪಾದರಸವನ್ನು ಹಾರಿಸುತ್ತಿದ್ದರು. ಆ ಹೊಗೆ ಕುಶಲಕರ್ಮಿಯ ನರಮಂಡಲವನ್ನೂ ಮೂತ್ರಪಿಂಡವನ್ನೂ ಕೆಡಿಸುವ ವಿಷವಾದುದರಿಂದ ಆ ಕ್ರಮವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ಬಳಸುವ ಚಿನ್ನದ ರೇಕು ಇನ್ನೊಂದು ಬಗೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ರೇಕಿನ ದಪ್ಪ ಸುಮಾರು 0.1 ಮೈಕ್ರಾನ್ ಮಾತ್ರ. ಅಂಟಿನಿಂದ ಕೂರಿಸಿದ ರೇಕು ಗೋಡೆಯ ಮೇಲಿನ ಚಿತ್ರದಲ್ಲಿ ತಲೆಮಾರುಗಳ ಕಾಲ ಉಳಿಯುತ್ತದೆ. ಬೆವರು ಮತ್ತು ಬಟ್ಟೆಯ ಉಜ್ಜುವಿಕೆಗೆ ಸಿಕ್ಕುವ ಒಡವೆಯಲ್ಲಿ ಉಳಿಯುವುದಿಲ್ಲ.

ಇಂದು ಹೆಚ್ಚಾಗಿ ರೂಢಿಯಲ್ಲಿರುವುದು ವಿದ್ಯುತ್ತಿನ ಮುಲಾಮು, ಅಂದರೆ ಗಿಲೀಟು. ಅದರ ದಪ್ಪ ತೊಟ್ಟಿಯಲ್ಲಿ ಒಡವೆಯನ್ನು ಎಷ್ಟು ಹೊತ್ತು ಇಟ್ಟರು, ಎಷ್ಟು ವಿದ್ಯುತ್ ಹರಿಸಿದರು ಎಂಬುದನ್ನು ಅವಲಂಬಿಸಿರುತ್ತದೆ. ಅಗ್ಗದ ಗಿಲೀಟು 0.1 ರಿಂದ 0.2 ಮೈಕ್ರಾನಿನಲ್ಲಿಯೇ ನಿಂತುಬಿಡಬಹುದು. ಅಮೆರಿಕದ ಮಾರುಕಟ್ಟೆಯಲ್ಲಿ ‘ವರ್ಮೇಲ್’ ಎಂಬ ಹೆಸರಿನಿಂದ ಮಾರಬೇಕಾದರೆ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯ ಪ್ರಕಾರ ಒಳಗೆ ಸ್ಟರ್ಲಿಂಗ್ ಬೆಳ್ಳಿ ಇರಬೇಕು, ಹೊದಿಕೆ ಅಪ್ಪಟ ಚಿನ್ನದ ಲೆಕ್ಕದಲ್ಲಿ 2.5 ಮೈಕ್ರಾನಿಗೆ ಸಮನಾಗಿರಬೇಕು. ರಫ್ತಿನ ಆದೇಶ ಪಡೆಯುವವರು ಈ ಒಂದು ಅಂಕಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ತಗಡಿನ ಕೆಲಸದಲ್ಲಿ ಬಳಸುವುದು ಸಾಮಾನ್ಯವಾಗಿ 5 ರಿಂದ 15 ಮೈಕ್ರಾನ್ ದಪ್ಪದ ಅಪರಂಜಿ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಮೈಕ್ರಾನ್ ದಪ್ಪ ಚಿನ್ನ ಹೊದಿಸಿದರೆ ಅದರ ತೂಕ 1.93 ಮಿಲಿಗ್ರಾಂ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ ಆಗಿರುವುದರಿಂದ ಬರುವ ಅಂಕಿ ಇದು. ಇದೊಂದನ್ನು ತಿಳಿದಿದ್ದರೆ ಉಳಿದ ಲೆಕ್ಕವೆಲ್ಲ ಬರಿಯ ಗುಣಾಕಾರ. 30 ಗ್ರಾಂ ತೂಕದ ಒಂದು ಬೆಳ್ಳಿಯ ಪದಕದಲ್ಲಿ 12 ಚದರ ಸೆಂಟಿಮೀಟರ್ ಜಾಗಕ್ಕೆ 8 ಮೈಕ್ರಾನ್ ತಗಡು ಹೊದಿಸಿದರೆ ಸೇರುವ ಚಿನ್ನ ಸುಮಾರು 185 ಮಿಲಿಗ್ರಾಂ. ಅದೇ ಜಾಗಕ್ಕೆ 0.2 ಮೈಕ್ರಾನ್ ಗಿಲೀಟು ಹಾಕಿಸಿದರೆ ಸೇರುವುದು ಐದು ಮಿಲಿಗ್ರಾಮಿಗಿಂತಲೂ ಕಡಿಮೆ. ಹತ್ತು ಮಿಲಿಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಎರಡನೆಯದು ಕಾಣಿಸುವುದೇ ಇಲ್ಲ.

ಬೆಲೆಯ ದೃಷ್ಟಿಯಿಂದಲೂ ನೋಡಬಹುದು. ಲೆಕ್ಕದ ಸೌಕರ್ಯಕ್ಕಾಗಿ ಗ್ರಾಂ ಚಿನ್ನದ ಬೆಲೆ ಗ್ರಾಂ ಬೆಳ್ಳಿಯ ಬೆಲೆಯ 80 ಪಟ್ಟು ಎಂದಿಟ್ಟುಕೊಂಡರೆ, 185 ಮಿಲಿಗ್ರಾಂ ಚಿನ್ನವು ಸುಮಾರು 14.8 ಗ್ರಾಂ ಬೆಳ್ಳಿಗೆ ಸಮ. ಅಂದರೆ ಒಡವೆಯ ತೂಕದಲ್ಲಿ ನೂರಕ್ಕೆ ಒಂದು ಭಾಗವೂ ಇಲ್ಲದ ಚಿನ್ನ, ಬೆಲೆಯಲ್ಲಿ ಒಳಗಿನ ಬೆಳ್ಳಿಯ ಅರ್ಧದಷ್ಟಾಗುತ್ತದೆ. ಗಿಲೀಟಿನ ಚಿನ್ನ ಅರ್ಧ ಗ್ರಾಂ ಬೆಳ್ಳಿಗೂ ಸಮನಾಗದು. ಈ ಎರಡನ್ನೂ ಒಂದೇ ಹೆಸರಿನಿಂದ ಮಾರಿದಾಗ ನಷ್ಟಕ್ಕೆ ಗುರಿಯಾಗುವವನು ಗಿರಾಕಿ ಒಬ್ಬನೇ ಅಲ್ಲ. ನಿಜವಾಗಿ ತಗಡಿನ ಕೆಲಸ ಮಾಡುವ ಅಕ್ಕಸಾಲಿಗನೂ ಗಿಲೀಟಿನ ದರದೊಡನೆ ಸ್ಪರ್ಧಿಸಬೇಕಾಗಿ ಬಂದು ಕೆಲಸ ಬಿಡುತ್ತಾನೆ.

ಬೆಸುಗೆಯಿಲ್ಲದ ಬೆಸುಗೆ

ಚಿನ್ನದ ತಗಡನ್ನು ಶಾಖ ಮತ್ತು ಒತ್ತಡಗಳಿಂದಲೇ ಬೆಳ್ಳಿಗೆ ಕೂಡಿಸುವ ಕ್ರಮವು ಕೊರಿಯಾ ದೇಶದ ಸಾಂಪ್ರದಾಯಿಕ ವಿದ್ಯೆಗಳಲ್ಲಿ ಒಂದು. ಅಲ್ಲಿ ಅದಕ್ಕೆ ‘ಕುಂ-ಬೂ’ ಎಂದು ಹೆಸರು. ‘ಹಚ್ಚಿದ ಚಿನ್ನ’ ಎಂದು ಅದರ ಅರ್ಥ. ಬೆಳ್ಳಿಯ ಬಟ್ಟಲು, ಚಮಚ ಮುಂತಾದವುಗಳ ಮೇಲೆ ಚಿನ್ನದ ಚಿತ್ತಾರ ಕೂರಿಸಲು ಅದನ್ನು ಬಳಸುತ್ತಿದ್ದರು. ಇಂದು ಅನೇಕ ದೇಶಗಳ ಆಭರಣ ವಿನ್ಯಾಸಕರು ಅದನ್ನು ಅಳವಡಿಸಿಕೊಂಡಿದ್ದಾರೆ. ನಮ್ಮ ದೇಶಕ್ಕೂ ಈ ತತ್ತ್ವ ಅಪರಿಚಿತವಲ್ಲ; ಕುಂದಣದ ಕೆಲಸದಲ್ಲಿ ಅಪ್ಪಟ ಚಿನ್ನದ ಎಳೆಗಳನ್ನು ಕಲ್ಲಿನ ಸುತ್ತ ಒತ್ತಿ ಒತ್ತಿ ಬೆಂಕಿಯಿಲ್ಲದೆಯೇ ಒಂದಾಗಿಸುತ್ತಾರೆ. ತಮಿಳುನಾಡಿನ ನಾಗರಕೋವಿಲಿನ ವಡಶೇರಿಯಲ್ಲಿ ಬೆಳ್ಳಿಯ ಕಟ್ಟು, ಕೆಂಪು ಕಲ್ಲು, ಚಿನ್ನದ ಹೊದಿಕೆಗಳಿಂದ ತಯಾರಾಗುವ ದೇವಾಲಯದ ಆಭರಣಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಭರತನಾಟ್ಯದ ಕಲಾವಿದೆಯರು ಧರಿಸುವ ಸೂರ್ಯ-ಚಂದ್ರ, ಬೈತಲೆ ಬೊಟ್ಟು, ಜಡೆಬಿಲ್ಲೆಗಳಲ್ಲಿ ಈ ಬಗೆಯ ಕೆಲಸವನ್ನು ಕಾಣಬಹುದು. ಅರಗು ಮತ್ತು ಕಲ್ಲು ಸೇರಿದ ಒಡವೆಗೆ ಮುಂದೆ ಹೇಳುವ ಶಾಖದ ಕ್ರಮ ಹೊಂದುವುದಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಅಷ್ಟು ಶಾಖಕ್ಕೆ ಅರಗು ನಿಲ್ಲದು.

ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಚಿನ್ನ 1064 ಡಿಗ್ರಿಗೆ. ತಗಡು ಹಚ್ಚುವ ಕೆಲಸ ನಡೆಯುವುದು ಸುಮಾರು 260 ರಿಂದ 370 ಡಿಗ್ರಿಗಳ ನಡುವೆ. ಯಾವ ಲೋಹವೂ ಕರಗದೆ ಎರಡೂ ಕೂಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಸಹಜವೇ. ಚಿನ್ನ ಮತ್ತು ಬೆಳ್ಳಿಯ ಪರಮಾಣುಗಳ ಗಾತ್ರವೂ ಜೋಡಣೆಯ ಕ್ರಮವೂ ಬಹುಮಟ್ಟಿಗೆ ಒಂದೇ. ಆದ್ದರಿಂದಲೇ ಇವೆರಡೂ ಯಾವ ಪ್ರಮಾಣದಲ್ಲಾದರೂ ಒಂದರೊಳಗೊಂದು ಬೆರೆಯುತ್ತವೆ. ಎರಡರ ಮೈಯೂ ಶುದ್ಧವಾಗಿದ್ದು, ನಡುವೆ ಗಾಳಿಯಾಗಲಿ ಜಿಡ್ಡಾಗಲಿ ಇಲ್ಲದೆ ಒತ್ತಿ ಹಿಡಿದರೆ, ಬಿಸಿಯಲ್ಲಿ ಒಂದರ ಪರಮಾಣುಗಳು ಇನ್ನೊಂದರೊಳಕ್ಕೆ ಸರಿಯುತ್ತವೆ. ಬಿಳಿಗಾರವೂ ಬೇಡ, ಬೆಸುಗೆಯೂ ಬೇಡ.

ಇಲ್ಲಿ ಅಡ್ಡಿ ಬರುವುದು ತಾಮ್ರ. 925 ಬೆಳ್ಳಿಯಲ್ಲಿ ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರವೇ ಆಗಿರುತ್ತದೆ. ಬಿಸಿ ತಾಗಿದೊಡನೆ ಅದು ಆಮ್ಲಜನಕದೊಡನೆ ಸೇರಿ ಕಪ್ಪು ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಚಿನ್ನ ಹಿಡಿಯುವುದಿಲ್ಲ. ಆದುದರಿಂದ ಒಡವೆಯ ಮೈಮೇಲಿನ ತಾಮ್ರವನ್ನು ಮೊದಲೇ ತೆಗೆದುಹಾಕಬೇಕಾಗುತ್ತದೆ. ಒಡವೆಯನ್ನು ಹದವಾಗಿ ಕಾಯಿಸಿ, ಆರಿಸಿ, ನೀರು ಬೆರೆಸಿದ ಗಂಧಕಾಮ್ಲದ ದ್ರಾವಣದಲ್ಲಿ ಅದ್ದಿ, ಮೆತ್ತನೆಯ ಹಿತ್ತಾಳೆ ಬ್ರಷ್ಷಿನಿಂದ ಸಾಬೂನು ನೀರಿನಲ್ಲಿ ತಿಕ್ಕಿ ತೊಳೆಯುವುದು, ಮತ್ತೆ ಕಾಯಿಸುವುದು. ಹೀಗೆ ಐದಾರು ಬಾರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಮಾಡಿದ ಮೇಲೆ ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಾಯಿಸಿದರೂ ಕಪ್ಪಾಗದ ಸ್ಥಿತಿಗೆ ಬರುತ್ತದೆ. ಆಗ ಮೇಲೆ ಉಳಿದಿರುವುದು ಅಪ್ಪಟ ಬೆಳ್ಳಿಯ ತೆಳುವಾದ ಪದರ. ಇದಾದ ಮೇಲೆ ಅರದಿಂದಲೋ ಮರಳು ಕಾಗದದಿಂದಲೋ ಉಜ್ಜಿದರೆ ಆ ಪದರ ಹೋಗಿ ಕೆಳಗಿನ ತಾಮ್ರ ಮತ್ತೆ ಮೇಲೆ ಬರುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. 999 ಬೆಳ್ಳಿಯಲ್ಲಿ ಮಾಡಿದ ಒಡವೆಗೆ ಈ ಪರಿಶ್ರಮ ಬೇಡ, ಶುಚಿಗೊಳಿಸಿದರೆ ಸಾಕು. ಆದರೆ ಆ ಬೆಳ್ಳಿ ಮೆತ್ತಗಾಗಿರುವುದರಿಂದ ಬಳೆ, ಉಂಗುರಗಳಿಗೆ ಅಷ್ಟಾಗಿ ಹೊಂದುವುದಿಲ್ಲ.

ಲೆಕ್ಕ ಬರೆಯುವವರಿಗೆ ಇಲ್ಲೊಂದು ಸೂಚನೆ. ಈ ಬೆಳ್ಳಗಾಗಿಸುವ ಹಂತದಲ್ಲಿ ತಾಮ್ರ ಕರಗಿ ಒಡವೆಯ ತೂಕ ಸ್ವಲ್ಪ ಇಳಿಯುತ್ತದೆ. ಹೊದಿಸಿದ ಚಿನ್ನದ ತೂಕ ಸರಿಯಾಗಿ ಸಿಗಬೇಕಾದರೆ ಮೊದಲ ತೂಕವನ್ನು ಈ ಹಂತ ಮುಗಿದು ಒಡವೆ ಒಣಗಿದ ಮೇಲೆ, ತಗಡು ಹಚ್ಚುವ ಮುಂಚೆ, ತೆಗೆದುಕೊಳ್ಳತಕ್ಕದ್ದು. ಕೆಲಸಕ್ಕೆ ಕೊಟ್ಟಾಗಿನ ತೂಕವನ್ನೂ ಬಂದಾಗಿನ ತೂಕವನ್ನೂ ಮಾತ್ರ ಬರೆದಿಟ್ಟರೆ ತಾಮ್ರದ ಇಳಿತವು ಚಿನ್ನದ ಏರಿಕೆಯೊಳಗೆ ಮುಚ್ಚಿಹೋಗಿ, ಅಕ್ಕಸಾಲಿಗನು ಚಿನ್ನ ಕಡಿಮೆ ಹಾಕಿದನೆಂಬ ತಪ್ಪು ಅನುಮಾನಕ್ಕೆ ಎಡೆಯಾಗುತ್ತದೆ.

ಬೆಸುಗೆಯ ಕೆಲಸವೆಲ್ಲ ತಗಡು ಹಚ್ಚುವ ಮುಂಚೆಯೇ ಮುಗಿದಿರಬೇಕು. ಕಲ್ಲು ಕೂರಿಸುವುದು ಕೊನೆಗೆ. ಒಳಗೆ ಟೊಳ್ಳಿರುವ ಗುಂಡುಗಳಿಗೆ ಬಿಸಿಗಾಳಿ ಹೊರಹೋಗಲು ಸಣ್ಣದೊಂದು ರಂಧ್ರ ಇರಲೇಬೇಕು. ತಗಡನ್ನು ಎರಡು ಕಾಗದಗಳ ನಡುವೆ ಇಟ್ಟು ಹರಿತವಾದ ಕತ್ತರಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸುತ್ತಾರೆ. ಬೆರಳಿನ ಜಿಡ್ಡು ತಾಗಿದರೆ ಅಲ್ಲಿ ಹಿಡಿತ ತಪ್ಪುವುದರಿಂದ ಒದ್ದೆ ಕುಂಚದಿಂದಲೋ ಚಿಮುಟದಿಂದಲೋ ಎತ್ತುತ್ತಾರೆ. ಜಾಗ ಬಿಟ್ಟು ಜಾರದಂತೆ ನೀರಿನಲ್ಲಿ ತೆಳುವಾಗಿ ಕದಡಿದ ಗೋಂದಿನ ಒಂದು ಹನಿಯನ್ನು ಹಾಕಿ ಕೂರಿಸಿ, ನಿಧಾನವಾದ ಬಿಸಿಯಲ್ಲಿ ಒಣಗಿಸುತ್ತಾರೆ.

ಒಪ್ಪ ಹಾಕುವ ಗಳಿಗೆ

ನಂತರದ ಕೆಲಸವೇ ಮುಖ್ಯವಾದುದು. ಒಲೆಯ ಮೇಲಿಟ್ಟ ಹಿತ್ತಾಳೆಯ ಹಲಗೆಯ ಮೇಲೋ ವಿದ್ಯುತ್ ಕಾವಲಿಯ ಮೇಲೋ ಒಡವೆಯನ್ನಿಟ್ಟು ಕಾಯಿಸುತ್ತಾರೆ. ಕಾವು ಹದಕ್ಕೆ ಬಂದಿತೇ ಎಂದು ತಿಳಿಯಲು ಬಿದಿರಿನ ಕಡ್ಡಿಯ ತುದಿಯನ್ನು ಒಡವೆಗೆ ತಾಗಿಸಿ ನೋಡುವುದುಂಟು. ತುದಿ ಕಂದಿ ಕಪ್ಪಾದರೆ ಹದ ಬಂದಂತೆ. ಒಂದು ಕೈಯಲ್ಲಿ ಇಕ್ಕಳದಿಂದ ಒಡವೆಯನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಅಕೀಕ್ ಕಲ್ಲಿನ ಅಥವಾ ಕನ್ನಡಿಯಂತೆ ನುಣುಪು ಮಾಡಿದ ಉಕ್ಕಿನ ಒಪ್ಪದ ಕಡ್ಡಿ ಹಿಡಿದು, ಮೊದಲು ತಗಡಿನ ನಡುವೆ ಒತ್ತಿ, ಅಲ್ಲಿಂದ ಅಂಚಿನ ಕಡೆಗೆ ತೀಡುತ್ತ ಹೋಗುತ್ತಾರೆ. ಅಂಚಿನಿಂದ ಆರಂಭಿಸಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಉಕ್ಕಿನ ಕಡ್ಡಿ ಬಿಸಿಯಾದರೆ ಚಿನ್ನ ಬೆಳ್ಳಿಗಂಟುವ ಬದಲು ಕಡ್ಡಿಗೇ ಅಂಟುತ್ತದೆ. ಆದ್ದರಿಂದ ಅದನ್ನು ಆಗಾಗ ನೀರಿನಲ್ಲಿ ಅದ್ದಿ ಒರೆಸುತ್ತಿರಬೇಕು. ಎಲ್ಲಾದರೂ ಗುಳ್ಳೆ ಎದ್ದರೆ ಸೂಜಿಯ ಮೊನೆಯಿಂದ ಚುಚ್ಚಿ, ಗಾಳಿ ಬಿಟ್ಟು, ಮತ್ತೆ ತೀಡಬೇಕು. ತೀಡಿದ ಕಡೆ ತಗಡಿನ ಸುಕ್ಕು ಮಾಯವಾಗಿ ಬೆಳ್ಳಿಯ ಮೈಯ ಗೆರೆ, ಚುಕ್ಕೆಗಳೇ ಚಿನ್ನದಲ್ಲಿ ಮೂಡಿ ಬಂದರೆ ಹಿಡಿತ ಬಂದಿದೆ ಎಂದು ತಿಳಿಯಬಹುದು.

ಕಾವು ಕಡಿಮೆಯಾದರೆ ಚಿನ್ನ ಹಿಡಿಯುವುದಿಲ್ಲ. ಹೆಚ್ಚಾದರೆ, ಅಥವಾ ಸರಿಯಾದ ಕಾವಿನಲ್ಲಿಯೇ ಬಹಳ ಹೊತ್ತು ಇಟ್ಟರೆ, ಚಿನ್ನ ಬೆಳ್ಳಿಯೊಳಕ್ಕೆ ಇಳಿಯುತ್ತ ಹೋಗಿ ಬಣ್ಣ ಮಸುಕಾಗಿ ಕಡೆಗೆ ಕಾಣದಂತಾಗುತ್ತದೆ. ರೇಕನ್ನು ಈ ಕ್ರಮದಲ್ಲಿ ಬಳಸಲಾಗದ ಕಾರಣವೂ ಇದೇ. ಅದು ಕಡ್ಡಿ ತಾಗಿದರೆ ಹರಿಯುತ್ತದೆ, ಉಳಿದದ್ದು ಕಾವಿನಲ್ಲಿ ಕರಗಿದಂತೆ ಅಡಗಿಹೋಗುತ್ತದೆ. ಬಣ್ಣ ಇನ್ನೂ ದಟ್ಟವಾಗಬೇಕಾದರೆ ಮೊದಲ ತಗಡಿನ ಮೇಲೆ ಎರಡನೆಯದನ್ನು ಹಚ್ಚಬಹುದು. ಚಿನ್ನದ ಮೇಲೆ ಚಿನ್ನ ಸುಲಭವಾಗಿ ಹಿಡಿಯುತ್ತದೆ.

ಒಡವೆ ಆರಿದ ಮೇಲೆ ಅಂಟುವಾಳದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದರೆ ಹೊಳಪು ಬರುತ್ತದೆ. ಯಂತ್ರದ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿಸುವುದು ಸಲ್ಲದು. ಎಂಟು ಮೈಕ್ರಾನ್ ಚಿನ್ನ ಆ ಚಕ್ರಕ್ಕೆ ಕೆಲವೇ ಕ್ಷಣಗಳ ಆಹಾರ. ಬೆಳ್ಳಿಯ ಭಾಗ ಕಪ್ಪಾಗಿ ಕಾಣಬೇಕೆಂದಿದ್ದರೆ ಗಂಧಕದ ದ್ರಾವಣದಲ್ಲಿ ಅದ್ದುತ್ತಾರೆ. ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಕಪ್ಪು ನೆಲದ ಮೇಲೆ ಹಳದಿ ಬಳ್ಳಿ ಎದ್ದು ಕಾಣುವ ಈ ಸೊಗಸು ಪೂರ್ತಿ ಮುಳುಗಿಸಿದ ಗಿಲೀಟಿನಲ್ಲಿ ಬರುವಂಥದಲ್ಲ. ತಗಡು ಎಲ್ಲಿ ತಪ್ಪಿದೆಯೆಂಬುದನ್ನೂ ಇದೇ ದ್ರಾವಣ ತೋರಿಸಿಕೊಡುತ್ತದೆ. ಬಿರುಕಿದ್ದ ಕಡೆ ಕಪ್ಪು ಚುಕ್ಕೆ ಬೀಳುತ್ತದೆ. ಉಂಗುರದ ಒಳಮೈ, ಬಳೆಯ ಅಂಚು ಮುಂತಾದ ಸದಾ ಸವೆಯುವ ಜಾಗಗಳಿಗೆ ತಗಡು ಹಾಕುವುದಕ್ಕಿಂತ ಪದಕ, ಓಲೆ, ಬಿಲ್ಲೆಗಳಿಗೆ ಹಾಕುವುದು ಲೇಸು.

ಈ ಕೆಲಸಕ್ಕೆ ಹಿಡಿಯುವ ಹೊತ್ತನ್ನು ನೋಡಿದರೆ ಮಜೂರಿ ಗಿಲೀಟಿಗಿಂತ ಬಹಳ ಹೆಚ್ಚಾಗುವುದು ನ್ಯಾಯವೇ ಆಗಿದೆ. ಗಿಲೀಟಿನ ದರ ಕೊಟ್ಟು ತಗಡಿನ ಕೆಲಸ ಕೇಳುವ ಮಳಿಗೆಗೆ ಕಡೆಗೆ ಬಂದು ಸೇರುವುದು ಗಿಲೀಟೇ.

ಪುಸ್ತಕದಲ್ಲಿ ಎಲ್ಲಿ ಬರೆಯಬೇಕು

ಚಿನ್ನದ ದಾಸ್ತಾನಿನಿಂದ ತಗಡು ಹೊರಟು ಬೆಳ್ಳಿಯ ಒಡವೆಯೊಳಗೆ ಸೇರುತ್ತದೆ. ಒಂದು ಪದಕದಲ್ಲಿ 185 ಮಿಲಿಗ್ರಾಂ ಎಂದರೆ ಅಲ್ಪವೆಂದು ತೋರಬಹುದು. ವರ್ಷಕ್ಕೆ 400 ಪದಕ ಮಾಡಿಸಿದ ಮಳಿಗೆಯಲ್ಲಿ ಅದು 74 ಗ್ರಾಂ. ಈ ವರ್ಗಾವಣೆಯನ್ನು ಬರೆಯದಿದ್ದರೆ ವರ್ಷಾಂತ್ಯದಲ್ಲಿ ಚಿನ್ನದ ಪುಸ್ತಕದಲ್ಲಿ 74 ಗ್ರಾಂ ಕೊರತೆ ಕಾಣುತ್ತದೆ. ಅಧಿಕಾರಿಗಳು ತಪಾಸಣೆಗೆ ಬಂದ ದಿನ ಆ ಕೊರತೆಯನ್ನು ಬಿಲ್ಲಿಲ್ಲದ ಮಾರಾಟವೆಂದು ಭಾವಿಸಿದರೆ ಅಲ್ಲವೆಂದು ತೋರಿಸುವ ಹೊಣೆ ವರ್ತಕನ ಮೇಲೆ ಬೀಳುತ್ತದೆ. ಕತ್ತರಿಸಿ ಉಳಿದ ಚೂರುಗಳ ವಿಷಯದಲ್ಲಿಯೂ ಹೀಗೆಯೇ. 20 ಚದರ ಸೆಂಟಿಮೀಟರ್ ತಗಡಿನಲ್ಲಿ 12 ಮಾತ್ರ ಒಡವೆಗೆ ಹೋದರೆ ಉಳಿದ ಚೂರು 120 ಮಿಲಿಗ್ರಾಮಿಗೂ ಮಿಗಿಲು. ಅದನ್ನು ತೂಗಿ ಹಿಂದಕ್ಕೆ ಪಡೆದು ಬರೆಯತಕ್ಕದ್ದು. ಸವಕಲಿನ ಖಾತೆಗೆ ತಳ್ಳುವಂತಿಲ್ಲ.

ಹೊರಗಿನ ಅಕ್ಕಸಾಲಿಗನಿಗೆ ಕೆಲಸ ಕೊಡುವಾಗ ಬೆಳ್ಳಿಯ ಒಡವೆಯನ್ನೂ ಚಿನ್ನದ ತಗಡನ್ನೂ ಚಲನ್ನಿನಲ್ಲಿ ಬೇರೆ ಬೇರೆಯಾಗಿ ತೂಕ ಸಹಿತ ನಮೂದಿಸಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೆಯ ಕಲಮಿನಂತೆ ಹೀಗೆ ಕಳುಹಿಸಿದ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗಬೇಕು. ತಪ್ಪಿದರೆ ಕಳುಹಿಸಿದ ದಿನವೇ ಸರಬರಾಜು ಆದಂತೆ ಪರಿಗಣಿಸಲ್ಪಡುತ್ತದೆ.

ಚಿನ್ನ ಹೊದಿಸಿದ ಮಾತ್ರಕ್ಕೆ ಒಡವೆ ಚಿನ್ನದ್ದಾಗುವುದೇ ಎಂಬ ಪ್ರಶ್ನೆಗೆ ಸುಂಕದ ವರ್ಗೀಕರಣದಲ್ಲಿ ನೇರವಾದ ಉತ್ತರವಿದೆ. 7113 11 ಎಂಬ ಉಪಶೀರ್ಷಿಕೆಯು ಬೆಳ್ಳಿಯ ಆಭರಣಗಳನ್ನು, ಅವುಗಳ ಮೇಲೆ ಬೇರೆ ಅಮೂಲ್ಯ ಲೋಹದ ಮುಲಾಮು ಅಥವಾ ಹೊದಿಕೆ ಇದ್ದರೂ ಇಲ್ಲದಿದ್ದರೂ, ಒಳಗೊಳ್ಳುತ್ತದೆ. ತಗಡಿನ ಒಡವೆ ಬೆಳ್ಳಿಯ ಒಡವೆಯೇ. ಅದನ್ನು ಚಿನ್ನದ ಆಭರಣಗಳ ಶೀರ್ಷಿಕೆಯಲ್ಲಿ ತೋರಿಸುವುದೂ, ಕೀಳು ಲೋಹದ ಮೇಲೆ ಮುಲಾಮು ಹಾಕಿದ ನಕಲಿ ಆಭರಣಗಳ 7117ರಲ್ಲಿ ತೋರಿಸುವುದೂ ಎರಡೂ ತಪ್ಪು. ಹಾಲ್‌ಮಾರ್ಕಿನ ವಿಷಯದಲ್ಲಿಯೂ ತರ್ಕ ಇದೇ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದುದು ಚಿನ್ನದ ಆಭರಣಗಳ ಹಾಲ್‌ಮಾರ್ಕ್. ಹೊದಿಕೆಯ ಬಲದಿಂದ ಬೆಳ್ಳಿಯ ಒಡವೆಗೆ ಆ ಗುರುತು ದೊರೆಯುವಂತಿಲ್ಲ. ಬೆಳ್ಳಿಗೆ ಪ್ರತ್ಯೇಕ ಮಾನಕವಿದೆ.

ಬಿಲ್ಲಿನಲ್ಲಿ ‘ಬೆಳ್ಳಿ ಪದಕ 925, ಬೆಳ್ಳಿ 30.000 ಗ್ರಾಂ, ಅಪರಂಜಿ ತಗಡಿನ ಹೊದಿಕೆ 0.185 ಗ್ರಾಂ, ಮಜೂರಿ ಇಷ್ಟು’ ಎಂದು ಮೂರು ಅಂಶಗಳನ್ನೂ ಬಿಡಿಸಿ ಬರೆದರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ. ಹಿಂದಕ್ಕೆ ಕೊಳ್ಳುವ ದರವನ್ನೂ ಮಾರುವಾಗಲೇ ತಿಳಿಸುವುದು ಉಚಿತ. ಹಳೆಯ ಒಡವೆಯನ್ನು ಕರಗಿಸಿದರೆ ಚಿನ್ನ ಬೆಳ್ಳಿಯೊಳಗೆ ಬೆರೆತುಹೋಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ ತಳದಲ್ಲಿ ಉಳಿಯುವ ಚಿನ್ನದ ಪುಡಿಯನ್ನು ಬೇರ್ಪಡಿಸಬಹುದಾದರೂ ಒಂದೆರಡು ಒಡವೆಗಳಿಗೆ ಆ ಖರ್ಚು ಗಿಟ್ಟುವುದಿಲ್ಲ. ಆದುದರಿಂದಲೇ ಸರಾಫರು ಬೆಳ್ಳಿಯ ಬೆಲೆಯನ್ನಷ್ಟೇ ಕೊಡುತ್ತಾರೆ. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವುಗಳಲ್ಲಿ ಯಾವುದು ಕಡಿಮೆಯೋ ಆ ದರದಲ್ಲಿ ಬೆಲೆಗಟ್ಟಬೇಕೆಂಬ ಲೆಕ್ಕಪತ್ರ ಮಾನಕ 2ರ ನಿಯಮವನ್ನು ಅನ್ವಯಿಸುವಾಗ, ಮಾರಾಟವಾಗದೆ ಉಳಿದು ಕರಗಿಸಬೇಕಾಗಿ ಬಂದ ಹಳೆಯ ನಮೂನೆಗಳ ವಿಷಯದಲ್ಲಿ ಈ ಸಂಗತಿಯನ್ನು ಮರೆಯಬಾರದು.

ಇನ್ನು ಅಡಮಾನದ ಅಪಾಯ. ತಗಡಿನ ಒಡವೆಯನ್ನು ಒರೆಗಲ್ಲಿಗೆ ಹಚ್ಚಿದರೆ ಮೂಡುವ ಗೆರೆ ಅಪರಂಜಿಯದೇ. ಎಕ್ಸ್-ಕಿರಣದ ಯಂತ್ರವೂ ಹೆಚ್ಚಾಗಿ ಮೇಲ್ಪದರದ ಕೆಲವು ಮೈಕ್ರಾನ್‌ಗಳನ್ನೇ ಓದುವುದರಿಂದ ದಪ್ಪ ತಗಡು ಅದನ್ನೂ ದಾರಿ ತಪ್ಪಿಸಬಹುದು. ಚಿನ್ನದ ಮೇಲೆ ಸಾಲ ಕೊಡುವ ಸಹಕಾರ ಸಂಘಗಳೂ ಗಿರವಿ ಅಂಗಡಿಗಳೂ ನೀರಿನಲ್ಲಿ ತೂಗಿ ನೋಡುವ ಹಳೆಯ ಪರೀಕ್ಷೆಯನ್ನು ಕೈಬಿಡದಿರುವುದು ಕ್ಷೇಮ. 30 ಗ್ರಾಂ ತೂಕದ 22 ಕ್ಯಾರೆಟ್ ಚಿನ್ನದ ಗಟ್ಟಿ ಒಡವೆ ನೀರಿನಲ್ಲಿ ಕಳೆದುಕೊಳ್ಳುವ ತೂಕ ಸುಮಾರು 1.7 ಗ್ರಾಂ, ಅಷ್ಟೇ ತೂಕದ 925 ಬೆಳ್ಳಿಯ ಒಡವೆ ಕಳೆದುಕೊಳ್ಳುವುದು ಸುಮಾರು 2.9 ಗ್ರಾಂ. ಹೊರಗೆ ಎಷ್ಟೇ ಮೈಕ್ರಾನ್ ಚಿನ್ನವಿದ್ದರೂ ಈ ಅಂತರ ಮುಚ್ಚಿಹೋಗದು. ಕಲ್ಲು, ಅರಗು ಅಥವಾ ಟೊಳ್ಳು ಇರುವ ಒಡವೆಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ತಯಾರಕರು ಒಡವೆಯ ಹಿಂಬದಿಯಲ್ಲಿ ಕಾಲು ಅಂಗುಲದಷ್ಟು ಜಾಗವನ್ನು ತಗಡು ಹೊದಿಸದೆ ಬಿಟ್ಟು, ಬೆಳ್ಳಿಯ ಮೇಲೆಯೇ 925 ಎಂದು ಅಚ್ಚೊತ್ತಿದರೆ, ಅಡಮಾನ ಹಿಡಿಯುವವನಿಗೂ ಎರಡನೆಯ ಕೈಯಿಂದ ಕೊಳ್ಳುವವನಿಗೂ ಒಳಗಿನ ಲೋಹ ಯಾವುದೆಂಬುದು ತಕ್ಕಡಿಗೆ ಹೋಗುವ ಮುನ್ನವೇ ತಿಳಿಯುತ್ತದೆ.